ಕಲ್ಲಿನ ಬಲವೂ ಪ್ರತಿಯ ಬಲವೂ

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ ನನ್ನ ಸೋದರಮಾವನವರದೊಂದು ಬೀಜ-ಗೊಬ್ಬರದ ಅಂಗಡಿಯಿದೆ. ಅವರ ತಂದೆಯ ಕಾಲದಲ್ಲಿ ಕಿರ್ದಿ, ಖತಾವಣಿಗಳು ಕೆಂಪುಬಟ್ಟೆಯ ರಟ್ಟಿನ ಪುಸ್ತಕಗಳಲ್ಲಿರುತ್ತಿದ್ದುವು. ದೀಪಾವಳಿಯಂದು ಅವಕ್ಕೆ ಅರಿಸಿನ ಕುಂಕುಮಗಳ ಪೂಜೆ ಸಲ್ಲುತ್ತಿತ್ತು. ಈಗ ಆ ಲೆಕ್ಕವೆಲ್ಲ ಗಣಕಯಂತ್ರಕ್ಕೆ ಹೋಗಿದೆ. ಅಲ್ಲಿಂದ ಮತ್ತೆಲ್ಲಿಗೋ ಹೋಗಿದೆ. ಎಲ್ಲಿಗೆ ಎಂದು ಕೇಳಿದರೆ ಮಾವ ಕೈಯನ್ನು ಮೇಲಕ್ಕೆತ್ತಿ, ‘ಕ್ಲೌಡಿನಲ್ಲಿದೆಯಪ್ಪಾ’ ಎನ್ನುತ್ತಾರೆ. ಮೋಡವನ್ನು ನಂಬಿ ಬಿತ್ತಿ, ಬಿತ್ತಿದ ಬೀಜವನ್ನೂ ಕಳೆದುಕೊಂಡವರ ಸೀಮೆ ನಮ್ಮದು. ಇಂಥ ಸೀಮೆಯವರು ಲೆಕ್ಕದ ಪುಸ್ತಕವನ್ನು ಮೋಡದ ಕೈಗೆ ಒಪ್ಪಿಸಿದ್ದಾರೆಂದರೆ ಮೊದಲು ನಗು ಬರುತ್ತದೆ. ಆಮೇಲೆ ಸ್ವಲ್ಪ ಭಯವೂ ಆಗುತ್ತದೆ.

ಭಯಕ್ಕೆ ಕಾರಣವಿದೆ. ಒಂದು ಮುಂಗಾರಿನಲ್ಲಿ, ಬಿತ್ತನೆಯ ಗಡಿಬಿಡಿಯ ನಡುವೆ, ಎರಡು ದಿನ ಆ ಲೆಕ್ಕ ತೆರೆಯಲೇ ಇಲ್ಲ. ಯಾರ ಬಾಕಿ ಎಷ್ಟು, ಯಾರು ಎಂದು ತೀರಿಸಿದರು ಎಂಬುದನ್ನು ಮಾವ ನೆನಪಿನಿಂದಲೇ ಹೇಳಬೇಕಾಯಿತು. ಒಬ್ಬ ರೈತರ ವಿಷಯದಲ್ಲಿ ನೆನಪು ತಪ್ಪಿತು. ‘ಇಪ್ಪತ್ತು ವರ್ಷದ ವ್ಯವಹಾರ, ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವೇ?’ ಎಂದು ಅವರು ಎದ್ದುಹೋದರು. ಮೂರನೆಯ ದಿನ ಲೆಕ್ಕ ಮರಳಿ ಬಂದಿತು; ಆ ಗಿರಾಕಿ ಬರಲಿಲ್ಲ. ಲೆಕ್ಕವನ್ನಿಟ್ಟುಕೊಂಡಿದ್ದ ಸಂಸ್ಥೆಯಿಂದ ವಿಷಾದದ ಒಂದು ಸಾಲು ಬಂದಿತೆಂದು ಕೇಳಿದೆ.

ಈ ‘ಮೋಡ’ ಆಕಾಶದಲ್ಲಿಲ್ಲವೆಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಅದು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ನೆಲದ ಮೇಲೆ ನಿಂತ ಒಂದು ಕಟ್ಟಡ. ಡೇಟಾ ಸೆಂಟರ್ ಎಂಬುದು ಅದರ ಹೆಸರು. ಒಳಗೆ ಸಾಲುಸಾಲಾಗಿ ಯಂತ್ರಗಳು, ಅವು ಕಾಯದಂತೆ ಹಗಲಿರುಳು ತಂಪು, ವಿದ್ಯುತ್ತು ಹೋದರೆ ಬ್ಯಾಟರಿ, ಬ್ಯಾಟರಿ ಮುಗಿಯುವುದರೊಳಗೆ ಡೀಸೆಲ್ ಜನರೇಟರು, ಬಾಗಿಲಿಗೆ ಕಾವಲು. ಇವುಗಳ ದೃಢತೆಯನ್ನು ಅಳೆಯಲು ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ನಾಲ್ಕು ಅಂತಸ್ತುಗಳನ್ನು ಗೊತ್ತುಮಾಡಿದೆ. ಮೂರನೆಯ ಅಂತಸ್ತೆಂದರೆ ನೂರಕ್ಕೆ 99.982ರಷ್ಟು ಹೊತ್ತು ಕೆಲಸ, ಅಂದರೆ ವರ್ಷದಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ ಬಿಡುವು. ನಾಲ್ಕನೆಯದರಲ್ಲಿ ಆ ಬಿಡುವು ಇಪ್ಪತ್ತಾರು ನಿಮಿಷ ಎಂಬುದು ವ್ಯವಹಾರದಲ್ಲಿ ಪ್ರಚಲಿತವಾದ ಲೆಕ್ಕ. ವ್ಯಾಪಾರಿಗಳಿಗೆ ಮಾರುವವರು ಮೊದಲು ತೋರಿಸುವುದು ಈ ಅಂಕಿಗಳನ್ನೇ.

ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವು ಹೇಳುವುದು ಕಟ್ಟಡದ ಬಲವನ್ನು, ಲೆಕ್ಕದ ಬಾಳಿಕೆಯನ್ನಲ್ಲ. ಇವೆರಡೂ ಒಂದೇ ಎಂದು ಭಾವಿಸುವುದೇ ನಮ್ಮ ತಪ್ಪು. 2021ರ ಮಾರ್ಚಿಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಎಂಬ ದೊಡ್ಡ ಸಂಸ್ಥೆಯ ಒಂದು ಕಟ್ಟಡ ಬೆಂಕಿಗೆ ಆಹುತಿಯಾಯಿತು. ಪ್ರತಿಯೂ ಇದೆಯೆಂದು ಹಣ ತೆತ್ತು ನೆಮ್ಮದಿಯಿಂದಿದ್ದ ಕೆಲವರ ಆ ಪ್ರತಿ ಕೂಡ ಅಲ್ಲಿಯೇ ಇತ್ತು! 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಿಯಾನ್ ನಗರದಲ್ಲಿ ಸರ್ಕಾರದ್ದೇ ದತ್ತಾಂಶ ಕೇಂದ್ರಕ್ಕೆ ಬ್ಯಾಟರಿಯಿಂದ ಬೆಂಕಿ ತಗುಲಿತು. ಅಧಿಕಾರಿಗಳು ತಮ್ಮ ಕಾಗದಪತ್ರಗಳನ್ನು ಇರಿಸುತ್ತಿದ್ದ 858 ಟೆರಾಬೈಟಿನ ಭಂಡಾರವೊಂದು ಅಲ್ಲಿ ಸುಟ್ಟಿತು. ಅದಕ್ಕೆ ಹೊರಗೆಲ್ಲಿಯೂ ಪ್ರತಿ ಇರಲಿಲ್ಲ. ಪ್ರತಿಮಾಡಲಾಗದಷ್ಟು ದೊಡ್ಡದು ಎಂಬುದು ಅವರು ಕೊಟ್ಟ ಸಮಾಧಾನ. ಇನ್ನೊಂದು ಪ್ರತಿ ಮಾಡಲಾಗದಷ್ಟು ಬೆಳೆದದ್ದು ಭಂಡಾರವೆನ್ನಿಸಿಕೊಳ್ಳುತ್ತದೆಯೇ?

ಕನ್ನಡದ ಅಧ್ಯಾಪಕನಿಗೆ ಇಲ್ಲಿ ತನ್ನ ಪಾಠವೇ ನೆನಪಾಗುತ್ತದೆ. ನಮ್ಮ ಹಿರಿಯರಿಗೂ ಎರಡು ಭಂಡಾರಗಳಿದ್ದುವು: ಕಲ್ಲು ಮತ್ತು ಓಲೆ. ಹರಪನಹಳ್ಳಿಯ ಬಳಿಯ ಬಾಗಳಿಗೆ ಹೋದರೆ ಕಲ್ಲೇಶ್ವರ ದೇವಾಲಯದ ಶಾಸನಗಳನ್ನು ಇಂದಿಗೂ ಕಾಣಬಹುದು. ಕಲ್ಲಿನಷ್ಟು ಗಟ್ಟಿಯಾದುದು ಯಾವುದಿದೆ? ಆದರೆ ಶಾಸನದ ಕಲ್ಲಿಗೆ ಸಾಮಾನ್ಯವಾಗಿ ಪ್ರತಿಯಿಲ್ಲ, ಇರುವುದು ಅದೊಂದೇ. ಅಗಸೆಯ ಮೆಟ್ಟಿಲಾಗಿ, ಬಟ್ಟೆ ಒಗೆಯುವ ಬಂಡೆಯಾಗಿ, ಗೋಡೆಯೊಳಗಿನ ತುಂಡಾಗಿ ಹೋದ ಶಾಸನಗಳ ಮಾತು ಅವುಗಳೊಡನೆಯೇ ಹೋಯಿತು. ಓಲೆಯಾದರೋ ಗೆದ್ದಲಿಗೆ ತುತ್ತು, ತೇವಕ್ಕೆ ತುತ್ತು, ಬೆಂಕಿಗೆ ತುತ್ತು. ಆದರೂ ಪೊನ್ನನ ‘ಶಾಂತಿಪುರಾಣ’ ನಮಗೆ ಉಳಿದಿದೆ. ಹತ್ತನೆಯ ಶತಮಾನದ ಆ ಕಾವ್ಯಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ನಮಗೆ ದೊರೆತಿಲ್ಲ. ರನ್ನನ ‘ಪರಶುರಾಮಚರಿತ’ವೂ ದೊರೆತಿಲ್ಲ. ಒಂದು ಉಳಿದು ಮತ್ತೊಂದು ಅಳಿದುದಕ್ಕೆ ಕಾರಣಗಳು ಹಲವಿರಬಹುದು. ಸಾವಿರ ಕಡೆ ಹರಡಿದ್ದನ್ನು ಅಳಿಸುವುದು ಒಂದೇ ಕಡೆ ಇದ್ದುದನ್ನು ಅಳಿಸಿದಷ್ಟು ಸುಲಭವಲ್ಲ ಎಂಬುದರಲ್ಲಂತೂ ಸಂದೇಹವಿಲ್ಲ.

ಹರಡಿದ್ದೂ ದೂರದೂರಕ್ಕೆ ಹರಡಿರಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳೂ ಕಚೇರಿಗಳೂ ಮಳೆನೀರಿನಲ್ಲಿ ನಿಂತುದನ್ನು ಕಂಡಿದ್ದೇವೆ. ಒಂದೇ ಊರಿನ ಒಂದೇ ತಗ್ಗಿನಲ್ಲಿ ಎರಡು ಪ್ರತಿ ಇಟ್ಟವನು ಲೆಕ್ಕಕ್ಕೆ ಎರಡು, ನಿಜಕ್ಕೆ ಒಂದೇ ಇಟ್ಟವನು.

ಪ್ರತಿ ಹೆಚ್ಚಿದಷ್ಟೂ ಕಳ್ಳನಿಗೆ ಬಾಗಿಲು ಹೆಚ್ಚುವುದಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಾಮ್ರಶಾಸನದ ಹಲಗೆಗಳನ್ನು ಬಳೆಯಲ್ಲಿ ಪೋಣಿಸಿ ಅರಸನ ಮುದ್ರೆಯೊತ್ತುತ್ತಿದ್ದುದು ಈ ಅಂಜಿಕೆಯಿಂದಲೇ. ಹಾಗಿದ್ದೂ ಗಂಗರ ಹೆಸರಿನ ಹಲವು ಶಾಸನಗಳನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿಹಾಕಿದರು. ಇಂದಿನ ಕಳ್ಳನ ರೀತಿ ಬೇರೆ. ಅವನು ಲೆಕ್ಕಕ್ಕೆ ತನ್ನದೊಂದು ಬೀಗ ಜಡಿದು ಒತ್ತೆಹಣ ಕೇಳುತ್ತಾನೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದು ಸಂಸ್ಥೆಯ ವ್ಯವಸ್ಥೆಗೆ ಇಂಥ ದಾಳಿಯಾದಾಗ, ಅದನ್ನು ಆಶ್ರಯಿಸಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಹಣಪಾವತಿ ಕೆಲಕಾಲ ನಿಂತಿತು. ಸಹಕಾರಿ ಬ್ಯಾಂಕುಗಳೂ ಗ್ರಾಮೀಣ ಬ್ಯಾಂಕುಗಳೂ, ಅಂದರೆ ನಮ್ಮಂಥ ಊರುಗಳವರ ಬ್ಯಾಂಕುಗಳು, ಅವುಗಳಲ್ಲಿದ್ದುವು. ಇಂಥ ಬೀಗಕ್ಕೆ ಮದ್ದು, ಆ ಕಳ್ಳನ ಕೈ ನಿಲುಕದಂತೆ, ಜಾಲದಿಂದ ಬಿಡಿಸಿಟ್ಟ ಮತ್ತೊಂದು ಪ್ರತಿ. ಅದರ ಮೇಲೆ ನಮ್ಮ ಮುದ್ರೆ ಇರಬೇಕು. ಕೀಲಿ ನಮ್ಮ ಕೈಯಲ್ಲಿರಬೇಕು.

ಕಾನೂನು ಇದನ್ನು ಅರಿಯದೆ ಇಲ್ಲ. ಕಂಪನಿಗಳು ತಮ್ಮ ಲೆಕ್ಕದ ಪ್ರತಿಯನ್ನು ಭಾರತದೊಳಗಿನ ಯಂತ್ರದಲ್ಲಿ ದಿನದಿನವೂ ಇರಿಸಬೇಕೆಂದು 2022ರ ತಿದ್ದುಪಡಿ ವಿಧಿಸಿದೆ. ಆದರೆ ಕಂಪನಿಯೆಂದು ನೋಂದಣಿಯಾಗದ ಹೊಸಹಳ್ಳಿಯ ಅಂಗಡಿಕಾರನಿಗೆ ಆ ವಿಧಿಯಿಲ್ಲ. ವಿಧಿಯಿಲ್ಲದಿದ್ದುದರಿಂದ ಅದರ ರಕ್ಷಣೆಯೂ ಇಲ್ಲ. ತನ್ನ ಹಿತವನ್ನು ಅವನೇ ಕೇಳಿ ಪಡೆಯಬೇಕು. ಆದುದರಿಂದ ಹಣ ತೆರುವ ಮುನ್ನ ನಾಲ್ಕು ಮಾತು ಕೇಳಲಿ: ನನ್ನ ಲೆಕ್ಕದ ಎರಡನೆಯ ಪ್ರತಿ ಯಾವ ಊರಿನಲ್ಲಿದೆ? ಆ ಪ್ರತಿಯಿಂದ ಲೆಕ್ಕವನ್ನು ಮರಳಿ ಎತ್ತಿ ನೋಡಿದ್ದು ಯಾವಾಗ? ಕೀಲಿ ಯಾರ ಕೈಯಲ್ಲಿದೆ? ನಾಳೆ ನಿಮ್ಮನ್ನು ಬಿಟ್ಟುಹೋದರೆ ನನ್ನ ಲೆಕ್ಕ ಓದಲು ಬರುವ ರೂಪದಲ್ಲಿ ನನ್ನ ಕೈಗೆ ಬರುವುದೇ? ಒಬ್ಬೊಬ್ಬರ ಮಾತಿಗೆ ಬೆಲೆ ಸಿಗದಿದ್ದರೆ ಕೂಡ್ಲಿಗಿ, ಕೊಟ್ಟೂರುಗಳ ವರ್ತಕರು ಒಟ್ಟಾಗಿ ಕೇಳಲಿ. ಖರ್ಚು ಹೆಚ್ಚಲ್ಲವೇ ಎಂದರೆ, ಹೆಚ್ಚೇ ಸರಿ. ಸಾವಿರ ಪ್ರತಿ ಬರೆಯಿಸಿದವಳಿಗೂ ಓಲೆ ಪುಕ್ಕಟೆಯಾಗಿ ಬಂದಿರಲಾರದು.

ಮಾವ ಈಗ ಶನಿವಾರ ಸಂಜೆ ಲೆಕ್ಕದ ಒಂದು ಪ್ರತಿಯನ್ನು ತಮ್ಮದೇ ಪುಟ್ಟ ಪೆಟ್ಟಿಗೆಗೆ ಇಳಿಸಿ, ಕೊಟ್ಟೂರಿನಲ್ಲಿರುವ ಮಗಳ ಮನೆಗೆ ಕಳಿಸುತ್ತಾರೆ. ಕಳೆದ ದೀಪಾವಳಿಯಲ್ಲಿ ಗಣಕಯಂತ್ರದ ಪಕ್ಕದಲ್ಲಿ ಆ ಪೆಟ್ಟಿಗೆಯನ್ನೂ ಇರಿಸಿ ಪೂಜೆ ಮಾಡಿದರು. ಎದ್ದುಹೋದ ಆ ರೈತರ ಮನೆಗೂ ಒಮ್ಮೆ ಹೋಗಿಬನ್ನಿರೆಂದು ನಾನು ಹೇಳಿದ್ದೇನೆ. ಅದು ಇನ್ನೂ ಆಗಿಲ್ಲ.