ಕ್ರಯಪತ್ರದಲ್ಲಿ ನೀರಿನ ಲೆಕ್ಕವೂ ಇರಲಿ

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಯಮಲೂರು ಭಾಗದ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರಗೆ ಕರೆತರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಮುಳುಗಿತು, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್. ಇಷ್ಟಾದರೂ ಈ ನಗರದಲ್ಲಿ ಮನೆಯ ಬೆಲೆ ನಿಗದಿಯಾಗುವುದು ಟೆಕ್ ಪಾರ್ಕ್ ಎಷ್ಟು ದೂರ, ಮೆಟ್ರೊ ಯಾವಾಗ ಬರುತ್ತದೆ, ಕಾವೇರಿ ನೀರಿನ ಸಂಪರ್ಕ ಇದೆಯೇ ಎಂಬುದರ ಮೇಲೆಯೇ. ಸರ್ಕಾರದ ಮಾರ್ಗಸೂಚಿ ದರವೂ ಬಡಾವಣೆ, ರಸ್ತೆಗಳ ಹೆಸರು ಹಿಡಿದು ಹೋಗುತ್ತದೆಯೇ ಹೊರತು ನೆಲದ ಏರುತಗ್ಗು ನೋಡುವುದಿಲ್ಲ. ಕೊಳ್ಳುವವರು ಖಾತೆ, ಋಣಭಾರ ಪ್ರಮಾಣಪತ್ರ, ವಕೀಲರ ಅಭಿಪ್ರಾಯ ಎಲ್ಲವನ್ನೂ ಕೇಳಿ ಪಡೆಯುತ್ತಾರೆ. ಈ ಸೈಟು ಹಿಂದೆ ಯಾವ ಕೆರೆಯ ಅಚ್ಚುಕಟ್ಟಾಗಿತ್ತು, ಕೋಡಿ ಬಿದ್ದ ನೀರು ಯಾವ ದಾರಿ ಹಿಡಿಯುತ್ತಿತ್ತು ಎಂದು ಕೇಳುವವರು ವಿರಳ.

ಬೆಂಗಳೂರಿನ ಕೆರೆಗಳನ್ನು ಸರಪಳಿಯಾಗಿ ಕಟ್ಟಲಾಗಿತ್ತು. ಮೇಲಿನ ಕೆರೆ ತುಂಬಿದರೆ ಹೆಚ್ಚುವರಿ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆ ಸೇರುತ್ತಿತ್ತು. ನಡುವಿನ ಗದ್ದೆಗಳು ಲೇಔಟುಗಳಾದವು, ಕಾಲುವೆಗಳು ಕಿರಿದಾದವು, ಆದರೆ ಇಳಿಜಾರು ಅಲ್ಲೇ ಇದೆ. ಕಾಗದದ ಮೇಲಿನ ಗಡಿಗಳು ಮಾತ್ರ ಸರಿದಾಡಿವೆ: ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಹೀಗಾಗಿ ಕಾನೂನಿನ ಪ್ರಕಾರ ನಿಷ್ಕಳಂಕವಾದ ಸೈಟು ಕೂಡ ಮಳೆಗಾಲದಲ್ಲಿ ಮುಳುಗಬಹುದು. ಆದ್ದರಿಂದ ಪ್ರತಿ ಕ್ರಯಪತ್ರದ ಜೊತೆ ಒಂದು ಪುಟ ಕಡ್ಡಾಯವಾಗಲಿ: ಹಳೆಯ ಗ್ರಾಮನಕ್ಷೆಯಲ್ಲಿ ಆ ಸರ್ವೆ ನಂಬರಿನ ಸ್ಥಿತಿ, ರಾಜಕಾಲುವೆಗೆ ಇರುವ ದೂರ, ಕಳೆದ ಹತ್ತು ವರ್ಷಗಳಲ್ಲಿ ನೀರು ನುಗ್ಗಿದ ವಿವರ. ಕ್ಯಾಲಿಫೋರ್ನಿಯಾದಲ್ಲಿ ಮಾರುವವರು ಇಂಥ ಅಪಾಯಗಳನ್ನು ಲಿಖಿತವಾಗಿ ತಿಳಿಸಬೇಕೆಂಬ ನಿಯಮ 1998ರಿಂದಲೂ ಇದೆ. ಇಲ್ಲಿ ಮಾಹಿತಿಗೂ ಬರವಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಭಾರತೀಯ ವಿಜ್ಞಾನ ಸಂಸ್ಥೆಯೊಂದಿಗೆ ರೂಪಿಸಿದ 'ಮೇಘಸಂದೇಶ' ಆ್ಯಪ್ 2020ರಿಂದಲೇ ಮಳೆ, ನೆರೆಯ ಮುನ್ಸೂಚನೆ ಕೊಡುತ್ತಿದೆ.

ಹೀಗೆ ಬರೆದಿಟ್ಟರೆ ಜೀವಮಾನದ ಉಳಿತಾಯ ಹಾಕಿ ಈಗಾಗಲೇ ಮನೆ ಕೊಂಡವರ ಆಸ್ತಿಯ ಬೆಲೆ ಕುಸಿಯುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಅವರು ಮೋಸ ಮಾಡಿದವರಲ್ಲ, ಮೋಸಹೋದವರು. ಆದರೆ ಮುಚ್ಚಿಟ್ಟ ಮಾತ್ರಕ್ಕೆ ನಷ್ಟ ಕರಗುವುದಿಲ್ಲ. ಏನೂ ತಿಳಿಯದ ಮುಂದಿನ ಕುಟುಂಬದ ತಲೆಗೆ, ಇನ್ನೂ ದೊಡ್ಡ ಗೃಹಸಾಲದೊಂದಿಗೆ ವರ್ಗವಾಗುತ್ತದೆ. ಇಂದಿನ ಮಾಲೀಕರಿಗೆ ಪರಿಹಾರ ಸಿಗಬೇಕಾದದ್ದು ಲೇಔಟಿಗೆ ಅನುಮೋದನೆ ಕೊಟ್ಟವರಿಂದ, ಕಟ್ಟಿ ಮಾರಿದವರಿಂದ. ಕಾಲುವೆ ದುರಸ್ತಿ ಮಾಡಿದರೆ ಸಾಕು, ನೆಲವನ್ನೇಕೆ ದೂರಬೇಕು ಎನ್ನುವವರೂ ಇದ್ದಾರೆ. ದುರಸ್ತಿ ಆಗಲೇಬೇಕು. ಎಲ್ಲಿ ಮೊದಲು ಆಗಬೇಕೆಂದು ತೋರಿಸುವುದೂ ಇದೇ ದಾಖಲೆ. ಕೆಲಸ ಮುಗಿದ ಮೇಲೆ ಅದನ್ನೂ ಅದೇ ಪುಟದಲ್ಲಿ ನಮೂದಿಸಬಹುದು, ಬೆಲೆ ಚೇತರಿಸಿಕೊಳ್ಳಬಹುದು. ತಗ್ಗಿನ ಪ್ರದೇಶಗಳ ಮಾರ್ಗಸೂಚಿ ದರ ಇಳಿದರೆ ಮುದ್ರಾಂಕ ಶುಲ್ಕವೂ ಇಳಿಯುತ್ತದೆ, ನಿಜ. ಮುಳುಗುವ ನೆಲಕ್ಕೆ ಎತ್ತರದ ನೆಲದ ದರದಲ್ಲಿ ಶುಲ್ಕ ಕಟ್ಟಿಸಿಕೊಂಡ ಸರ್ಕಾರ ಆ ಹೊರೆಯನ್ನು ತಾನೇ ಹೊರುವುದು ನ್ಯಾಯ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಐದೂ ಪಾಲಿಕೆಗಳು ನೀರು ನುಗ್ಗಿದ ಬಡಾವಣೆಗಳ ಪಟ್ಟಿಯನ್ನು ಮುಂದಿನ ಮುಂಗಾರಿಗೆ ಮೊದಲೇ ಉಪನೋಂದಣಿ ಕಚೇರಿಗಳಿಗೆ ಒಪ್ಪಿಸಲಿ.