ಶಾಖೆ ನಾಲ್ಕಾದರೆ ಕಂಪನಿಯೂ ನಾಲ್ಕೇ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ನಲ್ಲಿ ಶಾಖೆಗಳಿದ್ದರೆ ಸಂಬಳದ ಸಾಫ್ಟ್‌ವೇರ್‌ನಲ್ಲಿ ನಾಲ್ಕು ಕಂಪನಿಗಳನ್ನು ತೆರೆಯಬೇಕೇ? ಬೇಡ. ಆದಾಯ ತೆರಿಗೆ ಇಲಾಖೆಗೆ ಊರು ಮುಖ್ಯವಲ್ಲ, ಪ್ಯಾನ್ ಮುಖ್ಯ. ಒಂದೇ ಪ್ಯಾನ್ ಇದ್ದರೆ ಸಂಸ್ಥೆಯೂ ಒಂದೇ. ಟಿಡಿಎಸ್ ಕಟ್ಟಲು ಶಾಖೆಯೊಂದು ಪ್ರತ್ಯೇಕ ಟ್ಯಾನ್ ಪಡೆದಿದ್ದರೂ ಅದು ಬೇರೆ ಸಂಸ್ಥೆಯಾಗುವುದಿಲ್ಲ. ಆದರೆ ಇಳಕಲ್‌ನ ಒಂದೇ ಕಟ್ಟಡದಲ್ಲಿ ಅಣ್ಣನ ಸೀರೆ ಅಂಗಡಿ, ತಮ್ಮನ ಗ್ರಾನೈಟ್ ವ್ಯವಹಾರ ಬೇರೆ ಬೇರೆ ಪ್ಯಾನ್‌ನಲ್ಲಿದ್ದರೆ ಅವು ಎರಡು ಸಂಸ್ಥೆಗಳು.

ತಪ್ಪಿದರೆ ಪೆಟ್ಟು ನೌಕರರಿಗೂ ಬೀಳುತ್ತದೆ. ತಿಂಗಳಿಗೆ 1.5 ಲಕ್ಷ ರೂಪಾಯಿ ಸಂಬಳದ ವೈದ್ಯರೊಬ್ಬರು ಅಕ್ಟೋಬರ್‌ನಲ್ಲಿ ಬಾಗಲಕೋಟೆಯಿಂದ ಅದೇ ಆಸ್ಪತ್ರೆಯ ಇಳಕಲ್ ಶಾಖೆಗೆ ವರ್ಗವಾದರು ಎನ್ನಿ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಅವರ ವರ್ಷದ ತೆರಿಗೆ 1,50,800 ರೂಪಾಯಿ. ಮೊದಲ ಆರು ತಿಂಗಳಲ್ಲಿ ಅರ್ಧ ಕಡಿತವಾಗಿದೆ. ಇಳಕಲ್ ಶಾಖೆಯನ್ನು ಬೇರೆ ಕಂಪನಿಯೆಂದು ನಮೂದಿಸಿದ್ದರೆ ಸಾಫ್ಟ್‌ವೇರ್ ಅವರನ್ನು ಹೊಸಬರೆಂದು ತಿಳಿಯುತ್ತದೆ. ಉಳಿದ ಆರು ತಿಂಗಳ 9 ಲಕ್ಷವನ್ನಷ್ಟೇ ಲೆಕ್ಕ ಹಿಡಿದು, ತೆರಿಗೆಯೇ ಇಲ್ಲ ಎನ್ನುತ್ತದೆ. ಕೊನೆಗೆ 75,400 ರೂಪಾಯಿ ಬಾಕಿ, ಮೇಲೆ ಬಡ್ಡಿ.

ವರ್ಗವಾದ ತಿಂಗಳು ಕೈಗೆ ಬರುವ ಸಂಬಳ ದಿಢೀರನೆ ಹೆಚ್ಚಿದರೆ, ಖುಷಿಪಡುವ ಮೊದಲು ವೇತನ ಚೀಟಿಯಲ್ಲಿ ಟಿಡಿಎಸ್ ಎಷ್ಟಿದೆ ನೋಡಿ.