‘ವೀವರ್’ ಅಂದರೆ ಅಂವನೋ, ಅಕಿನೋ?

ಇಳಕಲ್ ಸೀರೆ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಬರಹಗಳಲ್ಲಿ ‘ವೀವರ್’ ಎಂಬ ಪದ ಇದ್ದೇ ಇರುತ್ತದೆ. ಕನ್ನಡಕ್ಕೆ ತರುವಾಗ ನಾವು ಸುದ್ದಿ ಬರೆಯುವವರು ಹಿಂದೆಮುಂದೆ ನೋಡದೆ ‘ನೇಕಾರ ಹೇಳಿದ’ ಎಂದು ಹಾಕಿಬಿಡುತ್ತೇವೆ. ಆದರೆ ಇಂಗ್ಲಿಷ್ ಪದ ಗಂಡಸು ಅಂತ ಹೇಳಿರುವುದೇ ಇಲ್ಲ!

ವೀವರ್, ಫಾರ್ಮರ್, ಟೀಚರ್ ಇವು ಗಂಡಸಿಗೂ ಹೆಂಗಸಿಗೂ ಒಂದೇ. ಆ್ಯಕ್ಟರ್-ಆ್ಯಕ್ಟ್ರೆಸ್‌ನಂಥ ಜೋಡಿ ಪದಗಳು ಕಡಿಮೆ. ಕ್ರಿಯಾಪದವೂ ಗುಟ್ಟು ಬಿಡುವುದಿಲ್ಲ, ಯಾರು ಬಂದರೂ ‘ಕೇಮ್’. ಮುಂದೆ ‘ಹಿ’ ಅಥವಾ ‘ಶಿ’ ಬಂದರಷ್ಟೇ ಗೊತ್ತಾಗುವುದು. ನಮ್ಮ ಕಡೆ ಹಾಗಲ್ಲ. ಅಂವ ಬಂದಾ, ಅಕಿ ಬಂದ್ಲು, ಅದು ಬಂತು. ಗಂಡೋ ಹೆಣ್ಣೋ ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ.

ಇಂಗ್ಲಿಷ್ ಮೊದಲಿನಿಂದ ಹೀಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ಇಂದಿನ ‘ವೈಫ್’ ಪದದ ಮೂಲರೂಪಕ್ಕೆ ಆಗ ಹೆಂಗಸು ಎಂದೇ ಅರ್ಥ, ಆದರೆ ಅದು ನಪುಂಸಕಲಿಂಗ! ಕಾಲಕ್ರಮೇಣ ಅದೆಲ್ಲ ಉದುರಿತು, ಎಲ್ಲರಿಗೂ ‘ಹಿ’ ಎನ್ನುವ ಚಾಳಿ ಮಾತ್ರ ಬಹುಕಾಲ ಉಳಿಯಿತು. ನಮ್ಮ ದೇಶದ 1897ರ ಜನರಲ್ ಕ್ಲಾಸಸ್ ಕಾಯ್ದೆಯೂ ಪುಲ್ಲಿಂಗದ ಪದದೊಳಗೆ ಹೆಣ್ಣೂ ಸೇರುತ್ತಾಳೆ ಎನ್ನುತ್ತದೆ. ವಕೀಲರಿಗೆ ಇದು ಸಾಕು. ಸುದ್ದಿ ಓದುವವರಿಗೆ ‘ನೇಕಾರ’ ಅಂದರೆ ಕಣ್ಣಮುಂದೆ ಬರುವುದು ಗಂಡಸೇ.

ಇಳಕಲ್ ಸೀರೆಯ ಒಡಲಿಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಒಂದೊಂದೇ ಎಳೆಗೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಇಂಥ ಕೆಲಸಕ್ಕೆ, ಕಂಡಿಕೆ ಸುತ್ತಲಿಕ್ಕೆ ಮನೆಯ ಹೆಂಗಸರು ಬೇಕು. ಗುಳೇದಗುಡ್ಡದ ಖಣದಲ್ಲೂ ಅವರ ಕೈ ಇದೆ. ಸುದ್ದಿಯಲ್ಲಿ ಮಾತ್ರ ಅವರು ‘ನೇಕಾರನ ಹೆಂಡತಿ’. ಬಾದಾಮಿ, ಹುನಗುಂದದ ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸರ ಪಾಡೂ ಇದೇ, ‘ರೈತ’ ಎಂದರೆ ಹೊಲ ಯಾರ ಹೆಸರಿನಲ್ಲಿದೆಯೋ ಅಂವ. ಹೆಸರೇ ಇಲ್ಲದ ದುಡಿಮೆಗೆ ಕೂಲಿ ಕೇಳುವುದು ಹೇಗೆ?

‘ಅವರು ಬಂದರು’ ಅಂದರೆ ಸಮಸ್ಯೆ ಮುಗಿಯಿತಲ್ಲ ಅನ್ನಬಹುದು. ಇಂಗ್ಲಿಷಿನವರು ಈಗ ಒಬ್ಬರಿಗೂ ‘ದೇ’ ಬಳಸುತ್ತಾರೆ. ನಮಗೆ ‘ಅವರು’ ಮೊದಲಿನಿಂದಲೂ ಇದೆ, ಮರ್ಯಾದೆಯೂ ಅದರಲ್ಲೇ ಬಂತು. ಜೋಗಪ್ಪಗಳ ಬಗ್ಗೆ ಬರೆಯುವಾಗಲೂ, ಅವರು ತಮ್ಮನ್ನು ಹೇಗೆ ಕರೆದುಕೊಳ್ಳುತ್ತಾರೆಂದು ತಿಳಿಯುವ ತನಕ, ಅದೇ ಸರಿ. ಆದರೆ ಮಗ್ಗದ ಮನೆಗೆ ‘ನೇಕಾರರು’ ಅಂದರೂ ಓದುವವರು ಗಂಡಸರನ್ನೇ ನೆನೆಯುತ್ತಾರೆ. ಅಲ್ಲಿ ‘ನೇಕಾರ ಮಹಿಳೆ’ ಎಂದು ಬಿಡಿಸಿ ಬರೆಯಬೇಕು, ಅಕಿಯ ಹೆಸರು ಕೇಳಿ ಫೋಟೊದ ಕೆಳಗೆ ಹಾಕಬೇಕು.